ಏಳು ನಿಮಿಷ ಮುಂದೆ

ಆ ಕೋಣೆಗೆ ಏಸಿ ಹಾಕಿಸಿದ್ದು ಒಂದು ಕಂಪ್ಯೂಟರಿಗಾಗಿ. ಅದು ಬಿಸಿಯಾದರೆ ಕೆಟ್ಟುಹೋಗುತ್ತದಂತೆ. ನಾನೂ ಎರಡು ವರ್ಷದಿಂದ ಹೊತ್ತು ಗೊತ್ತಿಲ್ಲದೆ ಬಿಸಿಯಾಗುತ್ತಿದ್ದೆ. ಹೊಟ್ಟೆಯಲ್ಲೆಲ್ಲೋ ಹುಟ್ಟಿದ ಕಾವು ಕತ್ತು, ಕೆನ್ನೆ, ಕಿವಿಯವರೆಗೆ ಏರಿ, ಟೋಕನ್ ಕೌಂಟರಿನ ಗಾಜಿನ ಹಿಂದೆ ಕೂತ ನನ್ನನ್ನು ಬೇಯಿಸಿಬಿಡುತ್ತಿತ್ತು. ಅದಕ್ಕೆ ಯಾರೂ ಏಸಿ ಹಾಕಿಸಿರಲಿಲ್ಲ. ಹಾಗಾಗಿ ನಮ್ಮ ಕಣ್ಣಾಸ್ಪತ್ರೆಯ ಹಳೆಯ ಸ್ಟೋರ್ ರೂಮನ್ನು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಸರ್ವರ್ ಅನ್ನುವ ಕಪ್ಪು ಡಬ್ಬವನ್ನು ತಂದಿಟ್ಟು, ಕೀಲಿಯನ್ನು ನನ್ನ ಕೈಗೆ ಕೊಟ್ಟ ದಿನ ನಾನು ಒಳಗಿನಿಂದ ಚಿಲಕ ಹಾಕಿಕೊಂಡು, ಏಸಿಯ ಕೆಳಗೆ ನಿಂತು, ಎರಡೂ ತೋಳು ಚಾಚಿ ಒಂದು ಸುತ್ತು ಸುತ್ತಿದೆ. ಡಬ್ಬ ಹಸಿರು ದೀಪ ಮಿಟುಕಿಸುತ್ತಾ ನೋಡುತ್ತಿತ್ತು. ನೋಡಲಿ ಬಿಡು ಅಂದುಕೊಂಡೆ.

ನನಗೆ ಐವತ್ತೊಂದು. ಹತ್ತೊಂಬತ್ತು ವರ್ಷ ಮೈಕಿನಲ್ಲಿ ಟೋಕನ್ ನಂಬರು ಕೂಗಿ ಕೂಗಿ ನನ್ನ ಹೆಸರೇ ಟೋಕನ್ ಎಂದಾಗಿತ್ತು. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಬೇರೆ ಕೆಲಸ ಸಿಕ್ಕಿ ಹೋದ ಮೇಲೆ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ವೈರು ಕಿತ್ತುಬಂದರೂ ಎಲ್ಲರೂ ನನ್ನನ್ನೇ ಕರೆಯತೊಡಗಿದರು. ನಾನು ಹನ್ನೊಂದು ತಿಂಗಳು ಭಾನುವಾರದ ಕ್ಲಾಸಿಗೆ ಹೋಗಿ, ನನ್ನ ಮಗಳಿಗಿಂತ ಚಿಕ್ಕವರ ನಡುವೆ ಕೂತು ಕಲಿತೆ. ಕೊನೆಗೆ ದೊಡ್ಡ ಡಾಕ್ಟರು ಕರೆದು ಹೇಳಿದರು, "ನೋಡಮ್ಮ, ಶುಕ್ರವಾರ ನಾಲ್ಕು ಗಂಟೆಗೆ ನಾನೇ ಬಂದು ನೋಡ್ತೀನಿ. ಆರೂ ಕೌಂಟರಿನವರು ತಂತಮ್ಮ ಒಂದೇ ಹೆಸರು, ಒಂದೇ ಪಾಸ್‌ವರ್ಡಿನಲ್ಲಿ ಎಲ್ಲಿ ಬೇಕಾದರೂ ಕೂತು ಕೆಲಸ ಮಾಡೋ ಹಾಗಿರಬೇಕು. ಅಷ್ಟಾದರೆ ಆ ಕೋಣೆ, ಆ ಕೆಲಸ ನಿಮ್ಮದೇ. ಆಗದಿದ್ದರೆ ಸೋಮವಾರ ಕಂಪನಿಯವರು ಬರ್ತಾರೆ, ನೀವು ಟೋಕನ್ ಕೌಂಟರಿಗೆ ವಾಪಸ್."

ಇದಕ್ಕೆ ಬೇಕಾದದ್ದು ಡೊಮೇನ್ ಕಂಟ್ರೋಲರ್. ಹೆಸರು ಕೇಳಿದರೆ ಗಡಗಡ ಅನ್ನಿಸುತ್ತದೆ, ಅದು ಮಾಡುವುದು ಬಾಗಿಲು ಕಾಯುವ ಕೆಲಸ. ಯಾವ ಕೌಂಟರಿನಲ್ಲಿ ಯಾರು ಪಾಸ್‌ವರ್ಡ್ ಒತ್ತಿದರೂ ಅದು ನನ್ನ ಕೋಣೆಯ ಡಬ್ಬಕ್ಕೆ ಬರುತ್ತದೆ. ಡಬ್ಬ ಗುರುತು ಹಿಡಿದು ಬಿಡು ಅಂದರೆ ಕೌಂಟರಿನ ಕಂಪ್ಯೂಟರ್ ತೆರೆದುಕೊಳ್ಳುತ್ತದೆ, ಬೇಡ ಅಂದರೆ ಇಲ್ಲ.

ಇನ್ನು ನಮ್ಮ ಮೇಟ್ರನ್ ಬಗ್ಗೆ ಹೇಳಬೇಕು. ಬೆನ್ನ ಹಿಂದೆ ಅವರಿಗೆ ಗಂಟೆಯಮ್ಮ ಎಂದು ಹೆಸರು. ಕಟ್ಟಡದ ಹದಿನಾಲ್ಕು ಗಡಿಯಾರಗಳನ್ನೂ ಅವರು ಏಳು ನಿಮಿಷ ಮುಂದೆ ಇಟ್ಟಿದ್ದಾರೆ. ಇದು ದೊಡ್ಡ ಡಾಕ್ಟರಿಗೊಬ್ಬರಿಗೆ ಬಿಟ್ಟು ಎಲ್ಲರಿಗೂ ಗೊತ್ತು. ಡಾಕ್ಟರ ಕೈ ಚಿನ್ನದ್ದು, ಆದರೆ ಒಂದು ಕಾಲದಲ್ಲಿ ಯಾವ ಆಪರೇಷನ್ನಿಗೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ಕಣ್ಣಿಗೆ ಔಷಧಿ ಹಾಕಿಸಿಕೊಂಡ ರೋಗಿಗಳು ಮಲಗಿ ಕಾಯುತ್ತಿದ್ದರು. ಗಂಟೆಯಮ್ಮ ಒಂದು ದಿನ ಏಣಿ ತರಿಸಿ ಒಂದೊಂದೇ ಗಡಿಯಾರ ತಿರುಗಿಸಿದರಂತೆ. ಡಾಕ್ಟರು ಕೈ ತೊಳೆಯುವಾಗ ಬಿಚ್ಚಿಡುವ ಕೈಗಡಿಯಾರವೂ ಅವರ ಟ್ರೇಯಲ್ಲೇ ಇರುತ್ತದೆ, ಅದನ್ನೂ ತಿರುಗಿಸಿದರು. ಡಾಕ್ಟರ ಫೋನು ಇರುವುದೂ ಅವರ ಜೇಬಿನಲ್ಲೇ. ಅಂದಿನಿಂದ ಡಾಕ್ಟರು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಹಾಗೆಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಾರೆ. ಉಳಿದ ನಾವು ಗೋಡೆ ನೋಡಿದಾಗೆಲ್ಲ ಮನಸ್ಸಿನಲ್ಲೇ ಏಳು ಕಳೆದುಬಿಡುತ್ತೇವೆ. ಎಷ್ಟು ರೂಢಿಯೆಂದರೆ ಕಳೆಯುತ್ತಿದ್ದೇವೆ ಎಂಬುದೇ ಮರೆತುಹೋಗಿದೆ.

ಮೂರು ವಾರದ ಹಿಂದೆ ಡಬ್ಬವನ್ನು ಮೊದಲ ಸಲ ಹಚ್ಚಿದಾಗ ಗಂಟೆಯಮ್ಮ ಪಕ್ಕದಲ್ಲೇ ನಿಂತಿದ್ದರು. "ಗೋಡೆ ನೋಡಿ ಗಂಟೆ ಇಡು," ಅಂದರು. "ಕೌಂಟರಿನ ಕಂಪ್ಯೂಟರುಗಳಂತೂ ನನ್ನ ಮಾತು ಕೇಳಲ್ಲ. ಎಷ್ಟು ಸಲ ಮುಂದೆ ಇಟ್ಟರೂ ಹೊರಗಿನಿಂದ ಅದ್ಯಾರನ್ನೋ ಕೇಳಿಕೊಂಡು ಮತ್ತೆ ಹಿಂದೆ ಹೋಗ್ತವೆ. ಇದಾದರೂ ನಮ್ಮ ಮನೆ ಮಗು ಹಾಗೆ ಇರಲಿ."

ನಾನು ಡಬ್ಬ ಇಂಟರ್ನೆಟ್ಟಿನಲ್ಲಿ ಹೊರಗಿನ ಗಂಟೆ ಕೇಳಿಕೊಳ್ಳದಂತೆ ಮಾಡಿ, ಗೋಡೆ ನೋಡಿ ಇಟ್ಟೆ.

ಶುಕ್ರವಾರ ಬೆಳಿಗ್ಗೆ ಬಂದವಳು ಮಾಡಿದ ಮೊದಲ ಕೆಲಸವೆಂದರೆ ನನ್ನ ಓದುವ ಕನ್ನಡಕದ ಮೇಲೆ ಕೂತದ್ದು. ಅದು ಎರಡು ತುಂಡಾಯಿತು. ಶಕುನ ನೋಡುವಷ್ಟು ಪುರುಸೊತ್ತು ಇರಲಿಲ್ಲ. ಒಂದನೇ ಕೌಂಟರಿನಲ್ಲಿ ಗಂಟೆಯಮ್ಮ ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಮೊದಲ ಪ್ರವೇಶ ಅವರದೇ ಆಗಬೇಕೆಂದು ವಾರದಿಂದ ಹೇಳುತ್ತಿದ್ದರು.

"ನೀನು ಆ ಕಡೆ ತಿರುಗು," ಅಂದರು.

ತಿರುಗಿದೆ. ಒಂದು ಬೆರಳಿನಲ್ಲಿ, ಇನ್ನೊಂದು ಕೈ ಮರೆಮಾಡಿಕೊಂಡು, ಇಂಜೆಕ್ಷನ್ ಕೊಡುವಷ್ಟು ಎಚ್ಚರದಿಂದ ಒತ್ತುವ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ತಿರುಗಿ ನೋಡಿದರೆ ಪರದೆಯ ಮೇಲೆ, ಪಾಸ್‌ವರ್ಡ್ ತಪ್ಪು ಎಂದು ಬಂದಿತ್ತು.

"ತಪ್ಪಂತೆ ಸಿಸ್ಟರ್."

"ಯಾರು ಹೇಳಿದ್ದು?"

"ಸರ್ವರು."

"ಮೂವತ್ತೆರಡು ವರ್ಷ ಆಯ್ತು ನಾನು ಇಲ್ಲಿಗೆ ಬಂದು. ನಿನ್ನೆ ಮೊನ್ನೆ ಬಂದ ಡಬ್ಬ ನನಗೆ ತಪ್ಪು ಅನ್ನುತ್ತಾ?"

ಹೊಸ ಪಾಸ್‌ವರ್ಡ್ ಮಾಡಿಕೊಟ್ಟೆ. ತಪ್ಪು. ಇನ್ನೊಂದು. ತಪ್ಪು. ಔಷಧಿ ಕೌಂಟರಿನವರನ್ನು ಕೂರಿಸಿದೆ, ತಪ್ಪು. ಬಿಲ್ ಬರೆಯುವವಳು, "ಅಕ್ಕಾ, ನನ್ನದು ತಪ್ಪಾಗೋಕೆ ಸಾಧ್ಯವೇ ಇಲ್ಲ, ಅದು ನನ್ನ ಅತ್ತೆಗೆ ನಾನು ಇಟ್ಟಿರೋ ಹೆಸರು," ಎಂದು ಕಿಸಕ್ಕನೆ ನಗುತ್ತಾ ಬಂದು ಒತ್ತಿದಳು. ಅದೂ ತಪ್ಪು. ಹನ್ನೆರಡರ ಹೊತ್ತಿಗೆ ಹನ್ನೊಂದು ಪಾಸ್‌ವರ್ಡ್ ಬದಲಾಯಿಸಿದ್ದೆ. ವೈರುಗಳನ್ನು ಕಿತ್ತು ಒರೆಸಿ ಸಿಕ್ಕಿಸಿದೆ. ಆರೂ ಕಂಪ್ಯೂಟರುಗಳನ್ನು ಆರಿಸಿ ಹಚ್ಚಿದೆ. ಕೀಲಿಮಣೆಯಲ್ಲಿ ಅಕ್ಷರ ಸಿಕ್ಕಿಕೊಂಡಿದೆಯೇನೋ ಎಂದು ತಲೆಕೆಳಗು ಮಾಡಿ ಕೊಡವಿದರೆ ಬಿಸ್ಕತ್ತಿನ ಪುಡಿ, ಒಂದು ಕಿವಿಯೋಲೆಯ ತಿರುಪು ಬಿದ್ದವು. ತಿರುಪು ನನ್ನದೇ. ಎರಡು ವರ್ಷದಿಂದ ಹುಡುಕುತ್ತಿದ್ದೆ.

ಕೊನೆಗೆ ನನ್ನದನ್ನು ಒತ್ತಿದೆ.

ಈ ಪಾಸ್‌ವರ್ಡಿನ ವಿಷಯ ಹೇಳಲೇಬೇಕು. ನಮ್ಮ ಮನೆಯಲ್ಲಿ ಫೋನು, ಬ್ಯಾಂಕು, ಬೀರು ಎಲ್ಲದರ ನಂಬರೂ ಮಗಳು ಹುಟ್ಟಿದ ದಿನ. ನಮ್ಮವರಿಗೆ ಗೊತ್ತು, ಅತ್ತೆಗೆ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತಿರಬಹುದು. ಯಾರಿಗೂ ಗೊತ್ತಿಲ್ಲದ ಒಂದು ಮಾತು ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಈ ಡಬ್ಬ ಕೇಳಿದಾಗ ಮೊದಲ ಸಲ ನನಗಾಗಿಯೇ ಒಂದನ್ನು ಯೋಚಿಸಿದೆ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಬಟ್ಟೆ ಒಣಗಿಸುವಾಗ ಯೋಚಿಸಿದೆ. ಕೊನೆಗೆ ಹೊಳೆದದ್ದು ನನಗೆ ಹತ್ತೊಂಬತ್ತು ವರ್ಷವಾಗಿದ್ದಾಗಿನ ಒಂದು ಸಣ್ಣ ಸಂಗತಿ. ಅದನ್ನು ಒತ್ತಿದಾಗ ಕೆನ್ನೆ ಬಿಸಿಯಾಯಿತು, ಅದು ವಯಸ್ಸಿನ ಬಿಸಿಯಲ್ಲ. ಅದೇನೆಂದು ಇಲ್ಲಿಯೂ ಹೇಳುವುದಿಲ್ಲ.

ಪಾಸ್‌ವರ್ಡ್ ತಪ್ಪು ಎಂದು ಬಂತು.

ನಗು ಬರಬೇಕಿತ್ತು. ಬರಲಿಲ್ಲ. ತಪ್ಪು ಎಂದು ಯಾರು ಹೇಳಿದರೂ ನಾನು ಮೊದಲು ನನ್ನ ಕೈಚೀಲವನ್ನೇ ತಡಕುವವಳು. ಮನೆಯಲ್ಲಿ ಏನು ಕಳೆದರೂ ನಾನೇ ಎಲ್ಲೋ ಇಟ್ಟಿರುತ್ತೇನೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ ರುಚಿ ನೋಡದೆಯೇ ಹೌದು ಅನ್ನುತ್ತೇನೆ. ಹತ್ತೊಂಬತ್ತರ ಆ ಸಂಗತಿಯನ್ನೂ ನಾನೇ ತಪ್ಪಾಗಿ ನೆನಪಿಟ್ಟುಕೊಂಡೆನೇ ಎಂದು ಒಂದು ಕ್ಷಣ ಅನುಮಾನ ಬಂತು.

ಕೋಣೆಗೆ ಹೋಗಿ ಡಬ್ಬದ ಸ್ವಂತ ಕೀಲಿಮಣೆಯ ಮೇಲೆ ಅದನ್ನೇ ಒತ್ತಿದೆ. ತೆರೆದುಕೊಂಡಿತು. ಹೊರಗೆ ಹೋಗಿ ಕೌಂಟರಿನಲ್ಲಿ ಒತ್ತಿದೆ, ತಪ್ಪು. ಮತ್ತೆ ಒಳಗೆ, ಸರಿ. ಅದೇ ಬೆರಳು, ಅದೇ ಅಕ್ಷರ. ಮೂರನೆಯ ಸಲ ಓಡಾಡುವಾಗ ಕನ್ನಡಕದ ವಿಭಾಗದ ಬಾಗಿಲಿನಿಂದ ಲೆನ್ಸಕ್ಕ ತಲೆ ಹಾಕಿದಳು. ಲೆನ್ಸು ಜೋಡಿಸುವವಳು ಅವಳು, ನನಗಿಂತ ಎರಡು ವರ್ಷ ದೊಡ್ಡವಳು.

"ಏ ಟೋಕನ್, ಏನೇ ಇದು, ಹೆರಿಗೆ ಕೋಣೆ ಮುಂದೆ ಓಡಾಡೋ ಗಂಡಸಿನ ಹಾಗೆ?"

"ಒಳಗೆ ಸರಿ ಅನ್ನುತ್ತೆ ಕಣೆ, ಹೊರಗೆ ತಪ್ಪು ಅನ್ನುತ್ತೆ."

"ನಮ್ಮ ಯಜಮಾನರೂ ಹಂಗೇ. ಹೊರಗೆ ಒಂದು, ಒಳಗೆ ಒಂದು. ಏನಾದರೂ ಕಾರಣ ಹೇಳುತ್ತಾ?"

ಕಾರಣ ಹೇಳುತ್ತಿರಬೇಕು. ಡಬ್ಬ ಒಂದು ದಿನಚರಿ ಬರೆದಿಡುತ್ತದೆ, ಅದಕ್ಕೆ ಲಾಗ್ ಎನ್ನುತ್ತಾರೆ. ಯಾರು ಬಂದರು, ಯಾರನ್ನು ಯಾಕೆ ತಿರುಗಿಸಿ ಕಳಿಸಿದೆ ಎಂದು ಗಂಟೆ ನಿಮಿಷದ ಸಮೇತ ಅದರಲ್ಲಿರುತ್ತದೆ. ಆದರೆ ಇರುವೆಯಂಥ ಇಂಗ್ಲಿಷ್ ಅಕ್ಷರ, ಸಾವಿರ ಸಾಲು, ನನ್ನ ಕನ್ನಡಕ ಎರಡು ತುಂಡು.

"ಕಣ್ಣಾಸ್ಪತ್ರೆಯಲ್ಲಿ ನಿಂತುಕೊಂಡು ಕಣ್ಣು ಕಾಣಲ್ಲ ಅಂತೀಯಲ್ಲ," ಎಂದು ಲೆನ್ಸಕ್ಕ ಒಳಗೆ ಹೋಗಿ, ಕಣ್ಣು ಪರೀಕ್ಷೆಗೆ ಹಾಕುವ ದುಂಡು ಚೌಕಟ್ಟು ತಂದಳು. ಎರಡು ಕಬ್ಬಿಣದ ಬಳೆಗಳನ್ನು ಮೂಗಿನ ಮೇಲೆ ಕೂರಿಸಿದಂತಿರುತ್ತದೆ ಅದು. ಪಕ್ಕದಲ್ಲಿ ತಿರುಪು, ಮುಂದೆ ಲೆನ್ಸು ಇಳಿಸುವ ಸಂದು. ಅವಳು ನನ್ನ ಪವರಿನ ಲೆನ್ಸುಗಳನ್ನು ಟಕ್ ಟಕ್ ಎಂದು ಇಳಿಸಿ, ಹಿಂದೆ ಸರಿದು ನೋಡಿ, ಬಾಗಿಲು ಹಿಡಿದುಕೊಂಡು ನಗತೊಡಗಿದಳು.

"ಗೂಬೆ ಮದುವೆಗೆ ಹೊರಟ ಹಾಗಿದೀಯ."

ಆ ಗೂಬೆ ಡಬ್ಬದ ಮುಂದೆ ಕೂತಿತು, ಲೆನ್ಸಕ್ಕ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡಳು. ಏಸಿಗಾಗಿಯೇ ಬಂದದ್ದು ಎಂದು ಮೊದಲೇ ಒಪ್ಪಿಕೊಂಡಳು. ಬೆಳಗಿನ ಸಾಲುಗಳಿಂದ ಹಿಡಿದು ಓದುತ್ತಾ ಬಂದೆ. ಯಾವ ಸಾಲಿನಲ್ಲಿ ಏನಿದೆಯೋ, ಯಾವುದು ಮುಖ್ಯವೋ ತಿಳಿಯದೆ ಕಣ್ಣು ಮಂಜಾಗುತ್ತಿತ್ತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅತ್ತೆ. ದಿನಕ್ಕೆ ಮೂರು ಹೊತ್ತು ಅವರು ಮಾತ್ರೆ ನುಂಗುವುದು ರೇಡಿಯೋ ಗಂಟೆ ಹೇಳುವ ಕ್ಷಣಕ್ಕೇ, ನುಂಗಿದ ತಕ್ಷಣ ನನಗೆ ವರದಿ.

"ಮೂರು ಹೊಡೀತಮ್ಮ. ನುಂಗಿದೆ," ಅಂದರು. ಹಿಂದೆ ರೇಡಿಯೋದ ಕೂಂಯ್ ಸದ್ದು ಇನ್ನೂ ಕೇಳುತ್ತಿತ್ತು.

"ಆಯ್ತು ಅತ್ತೆ."

"ನಿನ್ನ ಡಬ್ಬ ಬಾಯಿ ಬಿಡ್ತಾ?"

"ಇಲ್ಲ ಅತ್ತೆ."

"ತಲೆ ಮೇಲೊಂದು ಮೊಟಕು. ನಮ್ಮ ಟಿವಿ ಹಂಗೇ ಸರಿಹೋಗೋದು."

ಫೋನು ಇಟ್ಟು ಕೊನೆಯ ಸಾಲು ನೋಡಿದೆ, ಹೊರಗೆ ಯಾರೋ ಆಗಷ್ಟೇ ಮತ್ತೆ ಒತ್ತಿ ನೋಡಿದ್ದು. ಅದರ ತಲೆಯ ಮೇಲೆ ಮೂರು ಗಂಟೆ ಏಳು ನಿಮಿಷ ಎಂದಿತ್ತು. ನನ್ನ ತಲೆ ತನ್ನಷ್ಟಕ್ಕೆ ಏಳು ಕಳೆದು, ಮೂರು, ಸರಿಯಾಗಿದೆ ಎಂದಿತು. ಮತ್ತೆ ಮೊದಲಿನಿಂದ ಓದಲು ಕೈ ಎತ್ತಿದವಳು ಹಾಗೇ ನಿಂತೆ.

ನಾನು ಕಳೆಯುತ್ತೇನೆ. ಡಬ್ಬ ಕಳೆಯುತ್ತದೆಯೇ?

ಆ ಸಾಲನ್ನು ಅಕ್ಷರ ಅಕ್ಷರವಾಗಿ ಓದಿದೆ. ಗಡಿಯಾರಗಳ ನಡುವೆ ಅಂತರ ಮಿತಿಮೀರಿದೆ ಎಂದು ಅದರ ಅರ್ಥ. ಮೇಲಿನ ಸಾಲೂ ಅದೇ. ಅದರ ಮೇಲಿನದೂ ಅದೇ. ಬೆಳಗಿನಿಂದ ಬಡಪಾಯಿ ಇದೊಂದನ್ನೇ ಬರೆಯುತ್ತಿತ್ತು, ನೂರಾರು ಸಲ. ಹೊರಗಿನ ಪರದೆಗೆ ಅಷ್ಟೆಲ್ಲ ವಿವರಿಸುವ ವ್ಯವಧಾನವಿಲ್ಲದೆ ಒಂದೇ ಮಾತಿನಲ್ಲಿ, ಪಾಸ್‌ವರ್ಡ್ ತಪ್ಪು ಎಂದು ಕೈತೊಳೆದುಕೊಂಡಿತ್ತು.

ಭಾನುವಾರದ ಕ್ಲಾಸಿನಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ದಾಟಿಸಿದ ಪಾಠ ಈಗ ನೆನಪಾಯಿತು. ಕೌಂಟರು ಕಳಿಸುವ ಗುರುತಿನ ಚೀಟಿಯ ಮೇಲೆ ಅದು ಹೊರಟ ಗಂಟೆಯೂ ಇರುತ್ತದೆ. ಯಾರೋ ಹಳೆಯ ಚೀಟಿ ಕದ್ದು ತಂದು ಮೋಸ ಮಾಡಬಾರದಲ್ಲ. ಚೀಟಿಯ ಗಂಟೆಗೂ ತನ್ನ ಗಂಟೆಗೂ ಐದು ನಿಮಿಷದವರೆಗೆ ಹೆಚ್ಚು ಕಡಿಮೆಯಾದರೆ ಡಬ್ಬ ಸಹಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಪಾಸ್‌ವರ್ಡ್ ಎಷ್ಟೇ ಸರಿಯಿದ್ದರೂ ಬಾಗಿಲು ತೆರೆಯುವುದಿಲ್ಲ. ಕೌಂಟರುಗಳು ಲೋಕದ ಗಂಟೆಯಲ್ಲಿದ್ದವು. ಡಬ್ಬ ಗಂಟೆಯಮ್ಮನ ಗಂಟೆಯಲ್ಲಿತ್ತು. ನಡುವೆ ಏಳು ನಿಮಿಷ.

"ನನ್ನದು ಸರಿಯಾಗಿತ್ತು," ಅಂದೆ.

"ಯಾವುದು?" ಎಂದಳು ಲೆನ್ಸಕ್ಕ.

"ಹತ್ತೊಂಬತ್ತನೇ ವಯಸ್ಸಿನದು."

ಅವಳಿಗೆ ಅರ್ಥವಾಗಲಿಲ್ಲ, ನಾನು ಹೇಳಲೂ ಇಲ್ಲ, ಏಕೆಂದರೆ ಆಗಲೇ ನಗು ಶುರುವಾಗಿತ್ತು. ಹೊಟ್ಟೆಯಲ್ಲಿ ಹುಟ್ಟಿ ಕತ್ತು, ಕೆನ್ನೆ, ಕಿವಿಯವರೆಗೆ ಏರುವ ನಗು. ನಾನು ನಗುವುದನ್ನು ನೋಡಿ ಅವಳೂ ನಕ್ಕಳು. ಚೌಕಟ್ಟಿನ ಒಂದು ಲೆನ್ಸು ಕೆಳಗೆ ಬಿತ್ತು, ಅದನ್ನು ಹುಡುಕಲು ಇಬ್ಬರೂ ಮೇಜಿನ ಕೆಳಗೆ ತೂರಿದೆವು, ತಲೆಗೆ ತಲೆ ಡಿಕ್ಕಿ ಹೊಡೆಯಿತು, ಅದಕ್ಕೂ ನಕ್ಕೆವು.

ಡಬ್ಬದ ಗಂಟೆಯನ್ನು ಏಳು ನಿಮಿಷ ಹಿಂದಕ್ಕೆ ತಂದು, ಹೊರಗಿನ ಗಂಟೆ ಕೇಳಿಕೊಂಡಿರು ಎಂದು ಹೇಳಿ, ಆ ಗೂಬೆಯ ವೇಷದಲ್ಲೇ ಕಾರಿಡಾರಿನಲ್ಲಿ ಓಡಿದೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಅಜ್ಜಿಯೊಬ್ಬರು ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿ, "ನನಗೂ ಇಂಥದೇ ಹಾಕ್ತಾರಾ?" ಎಂದು ಮಗಳನ್ನು ಕೇಳಿದರು. ಒಂದನೇ ಕೌಂಟರಿನಲ್ಲಿ ನನ್ನ ಗುಟ್ಟನ್ನು ಒತ್ತಿದೆ. ಪರದೆ ಒಂದು ಗಳಿಗೆ ಯೋಚಿಸಿತು. ಆಮೇಲೆ ತಿಳಿನೀಲಿಯಾಗಿ ತೆರೆದುಕೊಂಡಿತು.

"ಯಾರು ಓಡಿದ್ದು?" ಹಿಂದೆ ಗಂಟೆಯಮ್ಮನ ದನಿ.

ಅವರನ್ನು ನನ್ನ ಕೋಣೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಬೆನ್ನು ನೆಟ್ಟಗಾಯಿತು.

"ಹಾಗಾದರೆ ತಪ್ಪು ನನ್ನದು ಅಂತೀಯ?"

"ನೀವು ಹೇಳಿದಿರಿ, ನಾನು ಇಟ್ಟೆ ಸಿಸ್ಟರ್. ಇಬ್ಬರದೂ."

"ಐದರವರೆಗೆ ಸಹಿಸುತ್ತೆ ಅಂದೆಯಲ್ಲ. ನಾಲ್ಕು ಮುಂದಿಡು."

ಒಳ್ಳೆಯ ವ್ಯಾಪಾರವೇ. ನಾಲ್ಕಿಟ್ಟರೂ ನಡೆಯುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದೇ ಬಿಟ್ಟಿದ್ದೆ. ಹತ್ತೊಂಬತ್ತು ವರ್ಷದ ಹೂಂ ಅದು, ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಅವತ್ತು ಬೆಳಗಿನಿಂದ ಸುಮ್ಮಸುಮ್ಮನೆ ತಪ್ಪು ಅನ್ನಿಸಿಕೊಂಡಿದ್ದೆ, ಈಗಷ್ಟೇ ಹೊಟ್ಟೆ ತುಂಬ ನಕ್ಕಿದ್ದೆ, ಮೂಗಿನ ಮೇಲೆ ಕಬ್ಬಿಣದ ಬಳೆಗಳಿದ್ದವು.

"ಇಲ್ಲ ಸಿಸ್ಟರ್," ಅಂದೆ. "ಗೋಡೆ ನಿಮ್ಮದು. ಈ ಕೋಣೆಯೊಳಗೆ ಗಂಟೆ ಎಷ್ಟೋ ಅಷ್ಟೇ ಇರುತ್ತೆ."

ಅವರು ನನ್ನನ್ನು ನೋಡಿದರು. ಲೆನ್ಸಿನೊಳಗಿನಿಂದ ಅವರ ಮುಖ ಸ್ವಲ್ಪ ದೊಡ್ಡದಾಗಿ ಕಾಣುತ್ತಿತ್ತು. ಲೆನ್ಸಕ್ಕ ಮೆಲ್ಲಗೆ ಸ್ಟೂಲ್ ಹಿಂದಕ್ಕೆ ಸರಿಸಿದಳು.

"ದೊಡ್ಡ ಡಾಕ್ಟರು ಕೌಂಟರಿನ ಪರದೆ ಮೇಲೆ ಗಂಟೆ ನೋಡಿದರೆ?" ಎಂದರು ಗಂಟೆಯಮ್ಮ, ದನಿ ತಗ್ಗಿಸಿ.

ಅದನ್ನು ನಾನು ಯೋಚಿಸಿರಲಿಲ್ಲ. ಇಷ್ಟು ವರ್ಷ ಅವರು ಕೌಂಟರಿನ ಕಡೆ ಬಂದವರೇ ಅಲ್ಲ. ಇವತ್ತು ಬರುತ್ತಾರೆ, ಪರದೆಯನ್ನು ನೋಡಲೆಂದೇ ಬರುತ್ತಾರೆ. ಹಿಂದಿದೆ ಎಂದು ಕಂಡು, ಸರಿ ಮಾಡಿ ಎಂದು ಹಠ ಹಿಡಿದರೆ ಅವರ ಮುಂದೆಯೇ ಎಲ್ಲ ಮುಚ್ಚಿಕೊಳ್ಳುತ್ತದೆ. ಯಾಕೆ ಆಗುವುದಿಲ್ಲ ಎಂದು ಹೇಳಹೊರಟರೆ ಗಂಟೆಯಮ್ಮನ ಗುಟ್ಟು ಬಯಲು. ನನ್ನ ಕೋಣೆ ಅವರ ಗುಟ್ಟಿಗೆ ಗಂಟು ಬಿದ್ದಿತ್ತು.

"ಬರಲಿ," ಎಂದರು ಗಂಟೆಯಮ್ಮ. ವಾರ್ಡಿನ ಕಡೆ ಹೊರಟುಹೋದರು.

ಗೋಡೆಯಲ್ಲಿ ಸರಿಯಾಗಿ ನಾಲ್ಕಕ್ಕೆ ದೊಡ್ಡ ಡಾಕ್ಟರು ಬಂದರು. ಕೈಗಡಿಯಾರ ಎತ್ತಿ ತೋರಿಸಿ, "ನೋಡಿದಿರಾ, ನಾಲ್ಕಂದ್ರೆ ನಾಲ್ಕು," ಅಂದರು. ನಾವೆಲ್ಲ ಮೆಚ್ಚುಗೆಯಿಂದ ತಲೆಯಾಡಿಸಿದೆವು. ಗಂಟೆಯಮ್ಮ ಒಂದನೇ ಕೌಂಟರಿನಲ್ಲಿ ಕೂತು, ಡಾಕ್ಟರಿಗೂ ಆ ಕಡೆ ತಿರುಗಲು ಹೇಳಿ, ಒಂದೇ ಬೆರಳಿನಲ್ಲಿ ಒತ್ತಿದರು. ತೆರೆದುಕೊಂಡಿತು. ಎದ್ದು ಮೂರನೇ ಕೌಂಟರಿಗೆ ಹೋಗಿ ಅದನ್ನೇ ಒತ್ತಿದರು. ತೆರೆದುಕೊಂಡಿತು. ಔಷಧಿಯವರು ಆರನೆಯದರಲ್ಲಿ, ಬಿಲ್ಲಿನವಳು ಎರಡನೆಯದರಲ್ಲಿ. ಎಲ್ಲರೂ ಕುರ್ಚಿ ಬದಲಾಯಿಸಿ ಮಕ್ಕಳ ಹಾಗೆ ಅಲ್ಲಿಂದಿಲ್ಲಿಗೆ ಓಡಿ ಕೂರುತ್ತಿದ್ದರು, ಆರೂ ಪರದೆಗಳು ತಿಳಿನೀಲಿಯಾಗಿ ಬೆಳಗಿದವು.

ಡಾಕ್ಟರು ಬಗ್ಗಿ, ಪರದೆಯ ಮೂಲೆಗೆ ಕಣ್ಣಿಟ್ಟು ನೋಡಿದರು. ಕಣ್ಣಿನ ಡಾಕ್ಟರು, ಎಷ್ಟು ಸಣ್ಣದಿದ್ದರೂ ಬಿಡುವವರಲ್ಲ.

"ಇದರ ಗಂಟೆ ಹಿಂದಿದೆಯಲ್ಲಮ್ಮ. ಮೂರು ಐವತ್ತೆಂಟು ಅನ್ನುತ್ತೆ. ನನ್ನದರಲ್ಲಿ ನಾಲ್ಕು ಐದು."

ನನ್ನ ಕೈಯೊಳಗಿನ ಕೀಲಿ ಬೆವರಿನಿಂದ ಜಾರುತ್ತಿತ್ತು. ಆಗ ಗಂಟೆಯಮ್ಮ ಎದ್ದು ನಿಂತರು.

"ಅದು ಹಾಗೇ ಇರಬೇಕು ಸರ್. ನಮ್ಮ ಗೋಡೆ ಗಡಿಯಾರಕ್ಕೆ ಸರಿಯಾಗಿ ಇಟ್ಟರೆ ಪಾಸ್‌ವರ್ಡ್ ಒಪ್ಪೋದೇ ಇಲ್ಲ. ಬೆಳಿಗ್ಗೆಯಿಂದ ಇವಳು ಕಷ್ಟಪಟ್ಟು ಕಂಡುಹಿಡಿದಿದ್ದು ಅದನ್ನೇ. ಬೇಕಿದ್ದರೆ ಕೇಳಿ."

ಎಲ್ಲರೂ ನನ್ನ ಕಡೆ ನೋಡಿದರು.

"ಹೌದು ಸರ್," ಅಂದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

"ಏನೂ ಮಾಡೋಕಾಗಲ್ವಾ?"

"ಆಗಲ್ಲ ಸರ್."

ಡಾಕ್ಟರು ಪರದೆಯನ್ನು ಕನಿಕರದಿಂದ ನೋಡಿದರು. "ಹೋಗಲಿ ಪಾಪ. ಮನುಷ್ಯರು ನಾವು ಹೊತ್ತಿಗೆ ಸರಿಯಾಗಿದ್ದರೆ ಸಾಕು," ಎಂದು ನನ್ನ ಕಡೆ ತಿರುಗಿ, "ಕಂಪನಿಯವರಿಗೆ ಸೋಮವಾರ ಬೇಡ ಅಂತ ಹೇಳಿಬಿಡ್ತೀನಿ. ಕೀಲಿ ನಿಮ್ಮ ಹತ್ತಿರಾನೇ ಇರಲಿ. ಮೂಗಿನ ಮೇಲಿನ ಅದನ್ನು ಮಾತ್ರ ವಾಪಸ್ ಕೊಡಿ," ಅಂದರು.

ಅವರು ಮೆಟ್ಟಿಲು ಹತ್ತಿ ಮರೆಯಾಗುವವರೆಗೆ ಬಿಲ್ಲಿನವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಮೇಲೆ ಮುಚ್ಚಿಕೊಳ್ಳಲು ಯಾರಿಂದಲೂ ಆಗಲಿಲ್ಲ. ಲೆನ್ಸಕ್ಕನಂತೂ ಗೋಡೆಗೆ ಒರಗಿ, "ಹೋಗಲಿ ಪಾಪ, ಹೋಗಲಿ ಪಾಪ," ಎಂದು ಹೇಳುತ್ತಾ ಕೆಳಗೆ ಜಾರಿ ಕೂತೇಬಿಟ್ಟಳು. ಗಂಟೆಯಮ್ಮ ಮಾತ್ರ ನಗಲಿಲ್ಲ, ಟ್ರೇ ಎತ್ತಿಕೊಂಡು ವಾರ್ಡಿಗೆ ಹೋದರು.

ಗೋಡೆಯಲ್ಲಿ ಐದಾದಾಗ ಎಲ್ಲರೂ ಹೊರಟರು. ನಾನು ಕೋಣೆಗೆ ಬಂದೆ. ಪರದೆಯಲ್ಲಿ ನಾಲ್ಕು ಐವತ್ತಮೂರು. ಆಸ್ಪತ್ರೆಯ ಪಾಲಿಗೆ ನನ್ನ ದಿನ ಮುಗಿದಿತ್ತು. ಮನೆಯ ಪಾಲಿಗೆ ಇನ್ನೂ ಹೊರಟಿರಲಿಲ್ಲ. ನಡುವಿನ ಏಳು ನಿಮಿಷದಲ್ಲಿ ನಾನು ಎಲ್ಲಿದ್ದೇನೆಂದು ಲೋಕದಲ್ಲಿ ಯಾರೂ ಕೇಳುವಂತಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ದಿನಾ ಈ ಏಳು ನಿಮಿಷಗಳು ಎಲ್ಲಿಗೆ ಹೋಗುತ್ತಿದ್ದವೋ. ಇವತ್ತು ಸಿಕ್ಕವು. ಏಸಿಯ ಕೆಳಗೆ ನಿಂತು ತೋಳು ಚಾಚಿದೆ. ಅರ್ಧ ಸುತ್ತು ಸುತ್ತಿರಬೇಕು, ಬಾಗಿಲು ಬಡಿಯಿತು.

ಗಂಟೆಯಮ್ಮ. ಹಣೆಯ ಮೇಲೆ ಬೆವರ ಹನಿ, ಕೆನ್ನೆ ಕೆಂಪು. ಆ ಕೆಂಪು ನನಗೆ ಚೆನ್ನಾಗಿ ಗೊತ್ತು.

"ನನಗೂ ಹತ್ತು ವರ್ಷ ಆಯ್ತು, ಇನ್ನೂ ಬಿಟ್ಟಿಲ್ಲ," ಎಂದು ಯಾರ ಮೇಲೋ ದೂರು ಹೇಳುವಂತೆ ಹೇಳಿ, ಒಳಗೆ ಬಂದು ನನ್ನ ಪಕ್ಕದಲ್ಲಿ ಏಸಿಗೆ ಮುಖವೊಡ್ಡಿ ನಿಂತರು. ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಮುಚ್ಚಿದ ಕಣ್ಣಿನಲ್ಲೇ ಕೇಳಿದರು, "ನಿನ್ನ ಡಬ್ಬದಲ್ಲಿ ಇನ್ನೂ ಎಷ್ಟಿದೆ?"

"ನಾಲ್ಕು ನಿಮಿಷ, ಸಿಸ್ಟರ್."

"ಹಾಗಾದರೆ ಚಿಲಕ ಹಾಕು."